ಹೊಸ ಲೀಗ್‌ನ ಮೊದಲ ಸೀಸನ್‌ಗೆ ಟಿಕೆಟ್ ತಗೊಳ್ಳಲಾ? 2019ರಲ್ಲಿ ಸ್ಯಾನ್ ಆಂಟೋನಿಯೋದಲ್ಲಿ ನಿಜಕ್ಕೂ ಏನಾಯಿತು?

ಅಲಾಮೋ_ಹೊಸಬ (ಮಾರ್ಚ್ 27, 2024)

ಎಲ್ಲರಿಗೂ ನಮಸ್ಕಾರ. ನಾವು ಸ್ಯಾನ್ ಆಂಟೋನಿಯೋಗೆ ಬಂದು ಏಳು ತಿಂಗಳಾಯಿತು. ಅಮೆರಿಕನ್ ಫುಟ್‌ಬಾಲ್ ನನಗೆ ಇನ್ನೂ ಹೊಸದು. ಚಳಿಗಾಲವೆಲ್ಲ ಟಿವಿಯಲ್ಲಿ ಇಲ್ಲಿನ ದೊಡ್ಡ ಲೀಗ್ ಎನ್‌ಎಫ್‌ಎಲ್ ನೋಡಿ ನೋಡಿ, ನಾಲ್ಕು ಡೌನ್ ಅಂದರೆ ನಾಲ್ಕು ಪ್ರಯತ್ನದಲ್ಲಿ ಹತ್ತು ಯಾರ್ಡ್ ದಾಟಬೇಕು ಅನ್ನೋ ಲೆಕ್ಕ ಈಗಷ್ಟೇ ತಲೆಗೆ ಹತ್ತುತ್ತಿದೆ. ಮಗಳಿಗೆ ಒಂಬತ್ತು ವರ್ಷ. ಅವಳು ನನಗಿಂತ ಬೇಗ ಕಲಿತಿದ್ದಾಳೆ.

ಈ ಶನಿವಾರ ಯುಎಫ್‌ಎಲ್ ಅನ್ನೋ ಹೊಸ ಲೀಗ್ ಶುರುವಾಗುತ್ತಿದೆ ಅಲ್ವಾ. ಎಕ್ಸ್‌ಎಫ್‌ಎಲ್, ಯುಎಸ್‌ಎಫ್‌ಎಲ್ ಅನ್ನೋ ಎರಡು ಲೀಗ್ ಸೇರಿ ಒಂದಾಗಿರೋದು, ಒಟ್ಟು ಎಂಟು ಟೀಮು. ನಮ್ಮೂರಿನ ಬ್ರಾಹ್ಮಾಸ್‌ಗೆ ಭಾನುವಾರ, ಮಾರ್ಚ್ 31ಕ್ಕೆ, ಅಲಾಮೋಡೋಮ್ ಸ್ಟೇಡಿಯಂನಲ್ಲಿ ಡಿಸಿ ಡಿಫೆಂಡರ್ಸ್ ಎದುರು ಮೊದಲ ಆಟ. ಮಗಳು ಸೀಸನ್ ಟಿಕೆಟ್ಟೇ ಬೇಕು ಅಂತ ಹಟ ಹಿಡಿದಿದ್ದಾಳೆ.

ಆಫೀಸಿನಲ್ಲಿ ಒಬ್ಬರಿಗೆ ಈ ವಿಷಯ ಹೇಳಿದೆ. ಅವರ ಮುಖ ಬಾಡಿಹೋಯಿತು. "ಮಗುವಿಗೆ ಆಸೆ ಹುಟ್ಟಿಸಬೇಡ. 2019ರಲ್ಲಿ ನಾವೂ ಹೀಗೇ ಕುಣಿದಿದ್ದೆವು" ಅಂದರು. ಅದಕ್ಕಿಂತ ಜಾಸ್ತಿ ಏನೂ ಹೇಳಲಿಲ್ಲ.

2019ರಲ್ಲಿ ಏನಾಯಿತು? ಇಲ್ಲಿ ಯಾರಾದರೂ ಕಣ್ಣಾರೆ ನೋಡಿದವರು ಇದ್ದೀರಾ? ಮೊದಲ ಸೀಸನ್ನಲ್ಲೇ ಟೀಮಿಗೆ ಮನಸ್ಸು ಕೊಡೋದು ತಪ್ಪಾ?

---

ಐದನೇ_ಟಿಕೆಟ್ (ಮಾರ್ಚ್ 27, 2024)

ನಾನು ನೋಡಿದ್ದೇನೆ. ಅಲಾಮೋಡೋಮ್‌ನಲ್ಲಿ ಆ ವರ್ಷ ನಡೆದ ನಾಲ್ಕೂ ಆಟಕ್ಕೆ ಹೋಗಿದ್ದೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬಿಡುವಾದಾಗ ಓದಿ.

ಆ ಲೀಗ್‌ನ ಹೆಸರು ಅಲಯನ್ಸ್ ಆಫ್ ಅಮೆರಿಕನ್ ಫುಟ್‌ಬಾಲ್, ಎಎಎಫ್ ಅಂತ ಕರೀತಿದ್ದರು. ಶುರು ಮಾಡಿದವರು ಚಾರ್ಲಿ ಎಬರ್ಸೋಲ್ ಮತ್ತು ಬಿಲ್ ಪೋಲಿಯನ್. ಪೋಲಿಯನ್ ಎನ್‌ಎಫ್‌ಎಲ್‌ನಲ್ಲಿ ಟೀಮುಗಳನ್ನು ಕಟ್ಟಿ ಹೆಸರು ಮಾಡಿದವರು, ಹಾಲ್ ಆಫ್ ಫೇಮ್‌ನಲ್ಲಿರುವವರು. 2018ರ ಮಾರ್ಚ್‌ನಲ್ಲಿ ಘೋಷಣೆ, 2019ರ ಫೆಬ್ರವರಿ 9ಕ್ಕೆ ಮೊದಲ ಆಟ. ಎನ್‌ಎಫ್‌ಎಲ್ ಫೈನಲ್ ಆದ ಸೂಪರ್ ಬೌಲ್ ಮುಗಿದು ಆರೇ ದಿನ ಆಗಿತ್ತು. ಎಂಟು ಟೀಮು: ನಮ್ಮ ಸ್ಯಾನ್ ಆಂಟೋನಿಯೋ ಕಮಾಂಡರ್ಸ್, ಜೊತೆಗೆ ಸ್ಯಾನ್ ಡಿಯೇಗೋ, ಅರಿಝೋನಾ, ಸಾಲ್ಟ್ ಲೇಕ್, ಮೆಂಫಿಸ್, ಬರ್ಮಿಂಗ್‌ಹ್ಯಾಮ್, ಅಟ್ಲಾಂಟಾ, ಒರ್ಲ್ಯಾಂಡೋ.

ಮೊದಲ ರಾತ್ರಿ ಸ್ಯಾನ್ ಡಿಯೇಗೋ ಫ್ಲೀಟ್ ನಮ್ಮೂರಿಗೆ ಬಂದಿತ್ತು. ನಾನು, ನನ್ನ ಗಂಡ, ಆಗ ಹನ್ನೊಂದು ವರ್ಷದ ಮಗ. ಹೆಚ್ಚೆಂದರೆ ಐದಾರು ಸಾವಿರ ಜನ ಬರಬಹುದು, ಆರಾಮಾಗಿ ಕಾಲು ಚಾಚಿ ಕೂರಬಹುದು ಅಂದುಕೊಂಡು ಹೋದೆವು. ಹೊರಗೆ ಟಿಕೆಟ್ ಸಾಲು ನೋಡಿ ನನ್ನ ಗಂಡ "ಇವತ್ತು ಇನ್ನೇನೋ ಬೇರೆ ಕಾರ್ಯಕ್ರಮ ಇರಬೇಕು ಕಣೇ" ಅಂದರು. ಸುಮಾರು 28 ಸಾವಿರ ಜನ ಬಂದಿದ್ದರು. ಯಾವತ್ತೂ ಆಡದ ಟೀಮಿಗೆ!

ಆ ರಾತ್ರಿಯ ಒಂದು ಕ್ಷಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಸ್ಯಾನ್ ಡಿಯೇಗೋ ಕ್ವಾರ್ಟರ್‌ಬ್ಯಾಕ್ ಮೈಕ್ ಬರ್ಕೋವಿಚಿ ಚೆಂಡು ಎಸೆಯಲು ಹಿಂದೆ ಸರಿದಿದ್ದರು. ನಮ್ಮ ಶಾನ್ ವಾಷಿಂಗ್ಟನ್ ಅಡ್ಡಿಯೇ ಇಲ್ಲದೆ ನುಗ್ಗಿ ಬಂದು ಎದೆಗೆ ಗುದ್ದಿದ್ದರು. ಹೆಲ್ಮೆಟ್ ತಲೆಯಿಂದ ಹಾರಿ ಹೋಯಿತು. ಒಂದು ಕ್ಷಣ ಎಲ್ಲರೂ ಫೌಲ್ ಅಂತ ರೆಫರಿಯ ಹಳದಿ ಫ್ಲ್ಯಾಗ್ ಬೀಳುತ್ತೆ ಅಂತ ಕಾದರು. ಬೀಳಲೇ ಇಲ್ಲ. ಆಮೇಲೆ ಎದ್ದ ಕೂಗು ಇದೆಯಲ್ಲ, ಕುರ್ಚಿ ನಡುಗಿತು. ಮಗ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದ ಅಂದರೆ ಮಾರನೇ ದಿನ ಉಗುರಿನ ಗುರುತು ಇತ್ತು. ನಾನು ಫಿಸಿಯೋಥೆರಪಿ ಕೆಲಸ ಮಾಡುವವಳು. ಅಂಥ ಹೊಡೆತ ನೋಡಿದರೆ ನನಗೆ ಮೊದಲು ಕುತ್ತಿಗೆ ನೆನಪಾಗುತ್ತೆ. ಬರ್ಕೋವಿಚಿ ಎದ್ದು ನಿಂತಾಗ ನಾನು ಅವರಿಗೂ ಚಪ್ಪಾಳೆ ತಟ್ಟಿದೆ. 15-6ರಲ್ಲಿ ಗೆದ್ದೆವು.

ಆಟವೂ ಬೇರೆ ಥರ ಇತ್ತು. ಚೆಂಡನ್ನು ಎದುರು ಟೀಮಿನ ಕಡೆ ಒದ್ದು ಶುರು ಮಾಡುವ ಕಿಕ್‌ಆಫ್ ಇರಲೇ ಇಲ್ಲ. ಚೆಂಡನ್ನು ನೇರವಾಗಿ 25 ಯಾರ್ಡ್ ಗೆರೆಯಲ್ಲಿ ಇಟ್ಟು ಶುರು ಮಾಡುತ್ತಿದ್ದರು. ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸೋದು) ಆದಮೇಲೆ ಒಂದು ಪಾಯಿಂಟಿಗೆ ಒದೆಯೋದೂ ಇಲ್ಲ, ಎರಡು ಪಾಯಿಂಟಿಗೆ ಓಡಲೇಬೇಕು, ಇಲ್ಲ ಎಸೆಯಲೇಬೇಕು. ಹಿಂದೆ ಬಿದ್ದ ಟೀಮಿಗೆ ಆನ್‌ಸೈಡ್ ಕಿಕ್ (ಚೆಂಡು ಮತ್ತೆ ತಮಗೇ ಸಿಗಲಿ ಅಂತ ಹತ್ತಿರಕ್ಕೇ ಒದೆಯೋದು) ಬದಲು ಇನ್ನೊಂದು ದಾರಿ ಕೊಟ್ಟಿದ್ದರು. ತಮ್ಮದೇ 28 ಯಾರ್ಡ್ ಗೆರೆಯಿಂದ ಒಂದೇ ಪ್ರಯತ್ನದಲ್ಲಿ 12 ಯಾರ್ಡ್ ದಾಟಿದರೆ ಚೆಂಡು ಅವರ ಬಳಿಯೇ ಉಳಿಯುತ್ತಿತ್ತು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸ್ಕೈ ಜಡ್ಜ್. ಕ್ರಿಕೆಟ್‌ನ ಮೂರನೇ ಅಂಪೈರ್ ಇದ್ದ ಹಾಗೆ ಮೇಲೆ ಕೂತ ಒಬ್ಬ ರೆಫರಿ, ಕೆಳಗಿನವರು ಕಣ್ಣೆದುರಿನ ತಪ್ಪನ್ನು ಬಿಟ್ಟರೆ ಅಲ್ಲಿಂದಲೇ ಸರಿಪಡಿಸಬಹುದಿತ್ತು. ರಿಪ್ಲೇ ನೋಡುವಾಗ ಅವರು ಮಾತಾಡಿಕೊಳ್ಳೋದು ಟಿವಿಯಲ್ಲಿ ಕೇಳುತ್ತಿತ್ತು. ಮನೆಗೆ ಬಂದು ರೆಕಾರ್ಡಿಂಗ್ ಹಾಕಿಕೊಂಡು ನಾನು ಅದನ್ನೇ ಎರಡೆರಡು ಸಲ ಕೇಳುತ್ತಿದ್ದೆ. ತೀರ್ಪು ಹೇಗೆ ಹುಟ್ಟುತ್ತೆ ಅಂತ ಕಿವಿಯಾರೆ ಕೇಳಿದರೆ, ನಮ್ಮ ವಿರುದ್ಧ ಬಂದರೂ ಸಿಟ್ಟು ಬರಲ್ಲ.

ಎರಡನೇ ವಾರ ಒರ್ಲ್ಯಾಂಡೋ ಬಂತು. ಕೋಚ್ ಸ್ಟೀವ್ ಸ್ಪರಿಯರ್. ಆ ಟೀಮು ಎಲ್ಲರಿಗಿಂತ ಒಂದು ಕೈ ಮೇಲೆ ಇತ್ತು, 37-29ರಲ್ಲಿ ಸೋತೆವು. ಆಮೇಲೆ ಒಂದು ತಿಂಗಳು ಪೂರ್ತಿ ಹೊರಗಿನ ಆಟ. ಮತ್ತೆ ಮನೆಗೆ ಬಂದಿದ್ದು ಮಾರ್ಚ್ 23ಕ್ಕೆ, ಸಾಲ್ಟ್ ಲೇಕ್ ಎದುರು. ಅಷ್ಟು ದಿನ ಆಟವಿಲ್ಲದೆ ಊರು ಮರೆತಿರುತ್ತೆ ಅಂತ ನನಗೆ ಭಯ. ಮರೆತಿರಲಿಲ್ಲ. ಆ ದಿನ ಜನ 30 ಸಾವಿರ ದಾಟಿದ್ದರು. 19-15ಕ್ಕೆ ಗೆದ್ದಾಗ ಪರಿಚಯವೇ ಇಲ್ಲದ ಅಜ್ಜಿಯೊಬ್ಬರು ನನ್ನ ಮಗನನ್ನು ತಬ್ಬಿಕೊಂಡರು.

ಈಗ ಬೇಸರದ ಭಾಗ.

ನಾವು ಮೈದಾನ ನೋಡುತ್ತಿದ್ದೆವು. ಲೀಗ್‌ನ ಬುಡ ಅಲುಗಾಡುತ್ತಿದ್ದದ್ದು ನಮಗೆ ಕಾಣಲಿಲ್ಲ. ಮೊದಲು ದುಡ್ಡು ಹಾಕುತ್ತೇನೆ ಅಂದಿದ್ದ ದೊಡ್ಡ ಹೂಡಿಕೆದಾರ ರೆಜಿ ಫೌಲರ್ ಅವರಿಂದ ಹಣ ನಿಂತಿತು. ಅವರ ಮೇಲೆ ಮುಂದೆ ಕೇಂದ್ರ ಸರ್ಕಾರದ ಕೇಸು ನಡೆಯಿತು, ಈ ಲೀಗ್‌ಗೆ ಮೋಸ ಮಾಡಿದ ಆರೋಪವೂ ಅದರಲ್ಲಿತ್ತು, 2022ರಲ್ಲಿ ತಪ್ಪೊಪ್ಪಿಕೊಂಡರು. 2019ರ ಫೆಬ್ರವರಿಯಲ್ಲಿ, ಆಟ ಶುರುವಾದ ಬೆನ್ನಿಗೇ, ಟಾಮ್ ಡಂಡನ್ ಬಂದರು. ಕೆರೊಲೈನಾ ಹರಿಕೇನ್ಸ್ ಅನ್ನೋ ಐಸ್ ಹಾಕಿ ಟೀಮಿನ ಮಾಲೀಕರು. 25 ಕೋಟಿ ಡಾಲರ್ ಹಾಕುತ್ತಾರೆ ಅಂತ ಸುದ್ದಿ. ನಾವೆಲ್ಲ ನಿಟ್ಟುಸಿರು ಬಿಟ್ಟೆವು. ನಿಜವಾಗಿ ಅವರು ಹಾಕಿದ್ದು ಸುಮಾರು 7 ಕೋಟಿ. ಎನ್‌ಎಫ್‌ಎಲ್ ಟೀಮುಗಳ ಎಳೆಯ ಆಟಗಾರರನ್ನು ಇಲ್ಲಿ ಆಡಲು ಬಿಡಬೇಕು ಅಂತ ಅವರಿಗೆ ಆಸೆ. ಎನ್‌ಎಫ್‌ಎಲ್ ಆಟಗಾರರ ಸಂಘ ಒಪ್ಪಲಿಲ್ಲ. ನನಗೆ ಸಂಘದ ಮಾತೇ ಸರಿ ಅನಿಸುತ್ತೆ. ಚಳಿಗಾಲವೆಲ್ಲ ಪ್ರಾಕ್ಟೀಸ್‌ನಲ್ಲಿ ಮೈ ಹಣ್ಣಾದ ಹುಡುಗರಿಗೆ ವಸಂತದಲ್ಲಿ ಮತ್ತೆ ಆಡು ಅಂದರೆ ಮಂಡಿ, ಹೆಗಲು ಯಾವಾಗ ವಾಸಿಯಾಗಬೇಕು?

ಮಾರ್ಚ್ 31, ಭಾನುವಾರ. ಅರಿಝೋನಾ ಎದುರು 23-6ರಲ್ಲಿ ಸೋತೆವು. ನಮ್ಮ ಸಾಲಿನ ತುದಿಯಲ್ಲಿ ಟಿಕೆಟ್ ನೋಡಿ ಸೀಟು ತೋರಿಸುವ ಹಿರಿಯರೊಬ್ಬರು ನಿಲ್ಲುತ್ತಿದ್ದರು. ಮೊದಲ ಆಟದಿಂದಲೂ ಅದೇ ಜಾಗ. ನನ್ನ ಮಗನಿಗೆ ಪ್ರತಿ ಸಲ ಕೈ ಕುಲುಕಿ "ಕ್ಯಾಪ್ಟನ್" ಅಂತ ಕರೆಯುತ್ತಿದ್ದರು. ಆ ದಿನವೂ ಕೈ ಕುಲುಕಿ "ಕ್ಯಾಪ್ಟನ್, ಮುಂದಿನ ಆಟಕ್ಕೆ ಸಿಗೋಣ" ಅಂದರು. 5 ಗೆಲುವು, 3 ಸೋಲು. ಇನ್ನೆರಡು ವಾರ ಕಳೆದರೆ ಪ್ಲೇಆಫ್.

ಏಪ್ರಿಲ್ 2, ಮಂಗಳವಾರ, ಲೀಗ್ ನಿಂತಿತು. ಹತ್ತು ವಾರದ ಸೀಸನ್, ಎಂಟೇ ವಾರಕ್ಕೆ. ನಾನು ಕ್ಲಿನಿಕ್‌ನಲ್ಲಿ ಒಬ್ಬರ ಮಂಡಿ ಬಗ್ಗಿಸುತ್ತಿದ್ದೆ. ಅವರೇ ಫೋನ್ ನೋಡಿ ಹೇಳಿದರು. ಏಪ್ರಿಲ್ 17ಕ್ಕೆ ದಿವಾಳಿ ಅರ್ಜಿ. ಆಸ್ತಿ 1.14 ಕೋಟಿ ಡಾಲರ್, ಸಾಲ 4.84 ಕೋಟಿ.

ಆಟಗಾರರಿಗೆ ಇದ್ದದ್ದು ಮೂರು ವರ್ಷಕ್ಕೆ 2,50,000 ಡಾಲರ್‌ನ ಕರಾರು, ಮೊದಲ ವರ್ಷಕ್ಕೆ 70,000. ಆದರೆ ಅದು ಖಾತ್ರಿ ಹಣವಲ್ಲ. ಲೀಗ್ ನಿಂತರೆ ಕರಾರೂ ನಿಂತಿತು. ಎಷ್ಟೋ ಹುಡುಗರು ಸ್ವಂತ ದುಡ್ಡಿನಲ್ಲಿ ಊರಿಗೆ ಹೋಗಬೇಕಾಯಿತು. ಗಾಯವಾಗಿದ್ದವರ ಚಿಕಿತ್ಸೆಯ ಬಿಲ್ ಯಾರು ಕಟ್ಟಬೇಕು ಅನ್ನೋದೇ ದೊಡ್ಡ ಚಿಂತೆಯಾಯಿತು. ನನಗೆ ಸ್ಕೋರು, ಟ್ರೋಫಿ ಯಾವುದಕ್ಕಿಂತ ಇದೇ ಜಾಸ್ತಿ ಹೊಟ್ಟೆ ಉರಿಸಿದ್ದು. ಹೆಗಲು ಆಪರೇಷನ್ ಆದವರಿಗೆ ಆರು ತಿಂಗಳು ವ್ಯಾಯಾಮ ಮಾಡಿಸಬೇಕು. ಲೀಗ್ ಒಂದೇ ಮಧ್ಯಾಹ್ನದಲ್ಲಿ ಮುಗಿಯಬಹುದು, ಹೆಗಲು ಹಾಗೆ ಮುಗಿಯಲ್ಲ.

ಇದರ ಸುಳಿವು ನನಗೆ ಮೊದಲೇ ಸಿಗಬೇಕಿತ್ತು. ಒರ್ಲ್ಯಾಂಡೋ ಟೀಮು ಪ್ರಾಕ್ಟೀಸ್ ಮಾಡಲು ಫ್ಲಾರಿಡಾ ಗಡಿ ದಾಟಿ ಜಾರ್ಜಿಯಾದ ಕಿಂಗ್ಸ್‌ಲ್ಯಾಂಡ್‌ಗೆ ಹೋಗುತ್ತಿತ್ತು. ಕೆಲಸದಲ್ಲಿ ಗಾಯವಾದರೆ ಸಿಗುವ ವಿಮೆಯ ಕಾನೂನು ಫ್ಲಾರಿಡಾದಲ್ಲಿ ವೃತ್ತಿಪರ ಆಟಗಾರರನ್ನು ಹೊರಗಿಟ್ಟಿದೆ, ಅದಕ್ಕೆ. ಆಗ ಅದನ್ನು ಓದಿ ಸುಮ್ನೆ ಬಿಟ್ಟೆ. ಈಗ ಯಾವ ಹೊಸ ಲೀಗ್ ಬಂದರೂ ನಾನು ಮೊದಲು ಹುಡುಕೋದು ಅದನ್ನೇ. ಆಟಗಾರರಿಗೆ ವಿಮೆ ಹೇಗಿದೆ?

ಇನ್ನೊಂದು ವಿಷಯ. ಎಂಟೂ ಟೀಮು ಲೀಗ್‌ನದ್ದೇ ಆಗಿದ್ದವು. ಬೇರೆ ಬೇರೆ ಮಾಲೀಕರಿಲ್ಲ. ಖರ್ಚು ಹಿಡಿತದಲ್ಲಿಡಲು ಅದು ಒಳ್ಳೆಯ ದಾರಿ ಅಂದರು. ಆದರೆ ನಮ್ಮೂರಿನಲ್ಲಿ 30 ಸಾವಿರ ಜನ ಬಂದರೂ ಅದರಿಂದ ನಮ್ಮ ಟೀಮು ಉಳಿಯೋ ಹಾಗಿರಲಿಲ್ಲ. ಬೇರೆ ಊರುಗಳ ಖಾಲಿ ಕುರ್ಚಿಯ ನಷ್ಟಕ್ಕೂ, ನಮ್ಮ ತುಂಬಿದ ಕುರ್ಚಿಯ ಲಾಭಕ್ಕೂ ಒಂದೇ ಹುಂಡಿ. ಆ ಹುಂಡಿಗೆ ದುಡ್ಡು ಹಾಕುವ ಕೈ ಒಂದೇ. ಆ ಕೈ ಹಿಂದೆ ಸರಿದ ದಿನ ಎಂಟು ಊರಿಗೂ ಕತ್ತಲೆ. ಜನ ಬರಲಿಲ್ಲ, ಆಟ ಚೆನ್ನಾಗಿರಲಿಲ್ಲ, ಅದಕ್ಕೆ ಮುಚ್ಚಿತು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಈ ಊರು ತನ್ನ ಪಾಲಿನ ಕೆಲಸ ಮಾಡಿತ್ತು.

ನಿಮ್ಮ ಆಫೀಸಿನವರ ಮುಖ ಬಾಡಿದ್ದು ಯಾಕೆ ಅಂತ ನನಗೆ ಗೊತ್ತು. ಆದರೆ ನನ್ನ ಉತ್ತರ: ಹೋಗಿ. ಸೀಸನ್ ಟಿಕೆಟ್ ತಗೊಳ್ಳೋ ಮುಂಚೆ ಒಂದು ಆಟ ನೋಡಿ. ಮಗಳನ್ನು ಕರೆದುಕೊಂಡು ಹೋಗಿ.

---

ಹ್ಯೂಸ್ಟನ್_ಹಳಬ (ಮಾರ್ಚ್ 28, 2024)

ಅಮ್ಮಾ, ಓದಿ ಮನಸ್ಸು ಭಾರವಾಯಿತು. ನಾನು ಟೆಕ್ಸಸ್‌ಗೆ ಬಂದು ಮೂವತ್ತು ವರ್ಷ ದಾಟಿತು. ಸ್ಯಾನ್ ಆಂಟೋನಿಯೋಗೆ ಇದು ಮೊದಲ ಸಲವಲ್ಲ. 1984ರಲ್ಲಿ ಹಳೆಯ ಯುಎಸ್‌ಎಫ್‌ಎಲ್‌ನ ಗನ್‌ಸ್ಲಿಂಗರ್ಸ್ ಬಂತು, 1985ಕ್ಕೆ ಮುಗಿಯಿತು, ಆಟಗಾರರ ಸಂಬಳವೇ ಸರಿಯಾಗಿ ಬರುತ್ತಿರಲಿಲ್ಲ. 1991ರಲ್ಲಿ ರೈಡರ್ಸ್, ಎರಡೇ ವರ್ಷ. 1995ರಲ್ಲಿ ಕೆನಡಾದ ಲೀಗ್‌ನಿಂದ ಟೆಕ್ಸನ್ಸ್. ಅದನ್ನು ನಾನು ಅಲಾಮೋಡೋಮ್‌ನಲ್ಲೇ ನೋಡಿದ್ದೆ. 12 ಆಟ ಗೆದ್ದು 6 ಸೋತ ಒಳ್ಳೆಯ ಟೀಮು, ಅದೂ ಒಂದೇ ವರ್ಷ.

ಆದರೆ ಮೊದಲ ಸೀಸನ್ ಅಂದರೆ ಸಾವೇ ಅಂತ ತಿಳಿಯಬೇಡಿ. ನಮ್ಮ ಹ್ಯೂಸ್ಟನ್ ಕಥೆ ಕೇಳಿ. 1960ರಲ್ಲಿ ಎಎಫ್‌ಎಲ್ ಅಂತ ಎಂಟು ಟೀಮಿನ ಲೀಗ್ ಶುರುವಾಯಿತು. ಡಲ್ಲಾಸ್‌ನ ಲಮಾರ್ ಹಂಟ್, ಹ್ಯೂಸ್ಟನ್‌ನ ಬಡ್ ಆಡಮ್ಸ್ ಮುಂತಾದವರು ಕಟ್ಟಿದ್ದು. ಎಲ್ಲರೂ ಕೈ ಸುಟ್ಟುಕೊಳ್ಳುತ್ತಾರೆ ಅಂತ ಜನ ಆಡಿಕೊಂಡರು. ಮಾಲೀಕರೇ ತಮ್ಮ ಗುಂಪಿಗೆ "ಮೂರ್ಖರ ಕೂಟ" ಅಂತ ಹೆಸರಿಟ್ಟುಕೊಂಡರು. ಆ ಮೊದಲ ವರ್ಷ ಓಕ್ಲೆಂಡ್ ಟೀಮಿಗೆ ಸ್ವಂತ ಊರಲ್ಲಿ ಮೈದಾನ ಇರಲಿಲ್ಲ, ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಆಡುತ್ತಿದ್ದರು. ಹ್ಯೂಸ್ಟನ್ ಆಯಿಲರ್ಸ್ ಆಡಿದ್ದು ಹೈಸ್ಕೂಲ್ ಆಟಗಳು ನಡೆಯುತ್ತಿದ್ದ ಜೆಪ್ಸನ್ ಸ್ಟೇಡಿಯಂನಲ್ಲಿ. 1961ರ ಜನವರಿ 1ರಂದು ಅಲ್ಲೇ ಮೊದಲ ಫೈನಲ್. ಲಾಸ್ ಏಂಜಲೀಸ್ ಚಾರ್ಜರ್ಸ್ ಎದುರು ಜಾರ್ಜ್ ಬ್ಲಾಂಡಾ ಎಸೆದ ಚೆಂಡು ಹಿಡಿದು ಬಿಲ್ಲಿ ಕ್ಯಾನನ್ ಓಡಿದರು, 88 ಯಾರ್ಡ್ ಟಚ್‌ಡೌನ್. 24-16ಕ್ಕೆ ಗೆದ್ದರು.

ಅವರು ಉಳಿದಿದ್ದು ಹೇಗೆ? ನೀವು ಹೇಳಿದ ಹುಂಡಿಯ ಮಾತೇ. ಅಲ್ಲಿ ಎಂಟು ಟೀಮಿಗೆ ಬೇರೆ ಬೇರೆ ಮಾಲೀಕರು. ಒಬ್ಬರು ಸೋತರೂ ಉಳಿದವರು ನಿಲ್ಲಬಹುದಿತ್ತು. ಟಿವಿ ದುಡ್ಡನ್ನು ಮಾತ್ರ ಸಮನಾಗಿ ಹಂಚಿಕೊಂಡರು, ಮೊದಲ ದಿನದಿಂದಲೇ ಎಬಿಸಿ ಜೊತೆ ಐದು ವರ್ಷದ ಒಪ್ಪಂದ. ನಷ್ಟ ಆಯಿತು, ತುಂಬಾನೇ ಆಯಿತು. ಹಂಟ್ ಅವರ ಡಲ್ಲಾಸ್ ಟೀಮು 1962ರಲ್ಲಿ ಕಪ್ ಗೆದ್ದೂ ಊರು ಬಿಟ್ಟು ಕ್ಯಾನ್ಸಸ್ ಸಿಟಿಗೆ ಹೋಗಬೇಕಾಯಿತು. ಅದೇ ಇವತ್ತಿನ ಚೀಫ್ಸ್. ಆ ಎಂಟು ಟೀಮುಗಳೂ ಇವತ್ತು ಎನ್‌ಎಫ್‌ಎಲ್‌ನಲ್ಲಿ ಆಡುತ್ತಿವೆ.

---

ಕಿಕ್ಕರ್_ಪ್ರಿಯ (ಮಾರ್ಚ್ 28, 2024)

ಅಟ್ಲಾಂಟಾದಿಂದ ಒಂದು ಮಾತು ಸೇರಿಸಲಾ ಅಕ್ಕಾ? ನಮ್ಮ ಅಟ್ಲಾಂಟಾ ಲೆಜೆಂಡ್ಸ್ ಮೊದಲ ಆಟದಲ್ಲೇ ಒರ್ಲ್ಯಾಂಡೋ ಕೈಲಿ 40-6ರಲ್ಲಿ ಸೋತಿತು. ಸೀಸನ್ ಪೂರ್ತಿ ಪರದಾಟ. ಆದರೆ ನಮ್ಮಲ್ಲಿ ಒಬ್ಬ ಕಿಕ್ಕರ್ ಇದ್ದರು, ಯಂಗ್‌ಹೋ ಕೂ. ದಕ್ಷಿಣ ಕೊರಿಯಾದಲ್ಲಿ ಹುಟ್ಟಿ, ಸಣ್ಣ ವಯಸ್ಸಿನಲ್ಲಿ ಇಲ್ಲಿಗೆ ಬಂದವರು. 2017ರಲ್ಲಿ ಎನ್‌ಎಫ್‌ಎಲ್‌ನ ಚಾರ್ಜರ್ಸ್ ನಾಲ್ಕು ಆಟಕ್ಕೇ ಅವರನ್ನು ಕೈಬಿಟ್ಟಿತ್ತು. ಎಎಎಫ್‌ನಲ್ಲಿ ಅವರು ಕಂಬಗಳ ನಡುವೆ ಚೆಂಡು ಒದೆಯುವ ಫೀಲ್ಡ್ ಗೋಲ್‌ಗೆ 14 ಸಲ ಒದ್ದರು, 14ಕ್ಕೆ 14 ಒಳಗೆ ಹೋಯಿತು. ಅದೇ ವರ್ಷ ಅಕ್ಟೋಬರ್ ಕೊನೆಗೆ ನಮ್ಮೂರಿನ ಎನ್‌ಎಫ್‌ಎಲ್ ಟೀಮು ಫಾಲ್ಕನ್ಸ್ ಅವರನ್ನು ತಗೊಂಡಿತು.

ಎಎಎಫ್‌ನಲ್ಲಿ ಆನ್‌ಸೈಡ್ ಕಿಕ್ ಇರಲಿಲ್ಲ ಅಂತ ನೀವು ಬರೆದಿದ್ದೀರಿ. ಅದೇ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ರಾತ್ರಿ, ಸೇಂಟ್ಸ್ ಎದುರು, ಕೂ ಒದ್ದ ಎರಡು ಆನ್‌ಸೈಡ್ ಕಿಕ್ ಮತ್ತೆ ಫಾಲ್ಕನ್ಸ್ ಕೈ ಸೇರಿತು. ಆಟ ಸೋತೆವು, ಆದರೆ ಆ ರಾತ್ರಿ ನಾನು ಅವರ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿತ್ತು. 2020ರಲ್ಲಿ ಎನ್‌ಎಫ್‌ಎಲ್‌ನ ಆಯ್ದ ಆಟಗಾರರ ಪ್ರೋ ಬೌಲ್‌ಗೂ ಆಯ್ಕೆಯಾದರು. ಆ ಎಂಟು ವಾರ ಇರದಿದ್ದರೆ ಅವರನ್ನು ಯಾರು ನೋಡುತ್ತಿದ್ದರು?

ಇನ್ನೊಂದು. 28 ಯಾರ್ಡ್ ಗೆರೆಯಿಂದ 12 ಯಾರ್ಡ್ ದಾಟುವ ಆ ನಿಯಮ ಇದೆಯಲ್ಲ, ಅದು ಈ ಯುಎಫ್‌ಎಲ್‌ನಲ್ಲೂ ಇದೆ. ಮೊನ್ನೆ ಮಂಗಳವಾರ ಎನ್‌ಎಫ್‌ಎಲ್ ತನ್ನ ಕಿಕ್‌ಆಫನ್ನೇ ಬದಲಾಯಿಸಲು ಒಪ್ಪಿತು. ಅದರ ಮಾದರಿಯೂ ಎಕ್ಸ್‌ಎಫ್‌ಎಲ್‌ನಿಂದಲೇ ಬಂದದ್ದು.

---

ಅಲಾಮೋ_ಹೊಸಬ (ಮಾರ್ಚ್ 28, 2024)

ಮೂವರಿಗೂ ತುಂಬಾ ಧನ್ಯವಾದ. ಎಲ್ಲವನ್ನೂ ಮಗಳಿಗೆ ಓದಿ ಹೇಳಿದೆ. ಆ ಹಿರಿಯರು ಕೈ ಕುಲುಕಿದ ಜಾಗಕ್ಕೆ ಬಂದಾಗ ಅವಳು "ಅವರು ಈಗ ಎಲ್ಲಿದ್ದಾರೆ?" ಅಂತ ಕೇಳಿದಳು. ನನಗೂ ಕೇಳಬೇಕು ಅನ್ನಿಸಿತು.

ಇನ್ನೊಂದೇ ಪ್ರಶ್ನೆ ಮೇಡಂ. ಈ ಯುಎಫ್‌ಎಲ್ ಬುಡ ಹೇಗಿದೆ? ಇದಕ್ಕೂ ದುಡ್ಡು ಹಾಕೋದು ಒಂದೇ ಕೈಯಾ? ಮತ್ತೆ ನಿಮ್ಮ ಹೆಸರು ಐದನೇ ಟಿಕೆಟ್ ಅಂತ ಯಾಕೆ?

---

ಐದನೇ_ಟಿಕೆಟ್ (ಮಾರ್ಚ್ 29, 2024)

ಒಂದೇ ಕೈ ಅಲ್ಲ. ಫಾಕ್ಸ್ ಟಿವಿ ಇದೆ, ರೆಡ್‌ಬರ್ಡ್ ಕ್ಯಾಪಿಟಲ್ ಅನ್ನೋ ಹೂಡಿಕೆ ಕಂಪನಿ ಇದೆ, ನಟ ಡ್ವೇನ್ ಜಾನ್ಸನ್ ಮತ್ತು ಅವರ ವ್ಯಾಪಾರ ಪಾಲುದಾರೆ ಡ್ಯಾನಿ ಗಾರ್ಸಿಯಾ ಇದ್ದಾರೆ. ಆಟ ತೋರಿಸುವವರೇ ಮಾಲೀಕರಲ್ಲೂ ಇರೋದು 2019ರಲ್ಲಿ ಇರಲಿಲ್ಲ. ಇದು ನನಗೆ ಧೈರ್ಯ ಕೊಡುವ ಮಾತು. ಆದರೆ ಇಲ್ಲೂ ಎಂಟೂ ಟೀಮು ಲೀಗ್‌ನದ್ದೇ. ಹ್ಯೂಸ್ಟನ್ ಅಣ್ಣ ಹೇಳಿದ ಹಾಗೆ ಊರಿಗೊಬ್ಬ ಮಾಲೀಕ ಇಲ್ಲ.

ಮತ್ತೆ ಖರ್ಚು ಉಳಿಸಲು ಎಲ್ಲ ಟೀಮೂ ಡಲ್ಲಾಸ್ ಹತ್ತಿರದ ಆರ್ಲಿಂಗ್ಟನ್‌ನಲ್ಲೇ ಪ್ರಾಕ್ಟೀಸ್ ಮಾಡುತ್ತವೆ, ಆಟಕ್ಕೆ ಮಾತ್ರ ಅವರವರ ಊರಿಗೆ ಬರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚುತ್ತಿದ್ದಾರೆ, ಅದು ಒಳ್ಳೆಯದೇ. ಆದರೂ ಬ್ರಾಹ್ಮಾಸ್ ಹುಡುಗರು ವಾರವಿಡೀ ನಮ್ಮೂರಲ್ಲಿ ಇರಲ್ಲ ಅನ್ನೋದು ನನಗೆ ಕೊರತೆಯೇ. ಕಮಾಂಡರ್ಸ್ ಇಲ್ಲೇ ಇದ್ದರು. ಅಂಗಡಿಯಲ್ಲಿ ಹಾಲು ತರಲು ಹೋದಾಗ ಬಾಗಿಲು ತುಂಬುವಷ್ಟು ದೊಡ್ಡ ಹುಡುಗನೊಬ್ಬ ಟೀಮಿನ ಟೋಪಿ ಹಾಕಿಕೊಂಡು ಎದುರು ಸಿಕ್ಕರೆ, ಮಗ ಮನೆಗೆ ಬರುವವರೆಗೂ ಅದೇ ಮಾತಾಡುತ್ತಿದ್ದ.

ಡ್ಯಾರಿಲ್ ಜಾನ್‌ಸ್ಟನ್ ಅಂತ ಇದ್ದಾರೆ, ಡಲ್ಲಾಸ್‌ನ ಎನ್‌ಎಫ್‌ಎಲ್ ಟೀಮು ಕೌಬಾಯ್ಸ್‌ನ ಹಳೆಯ ಆಟಗಾರ. 2019ರಲ್ಲಿ ನಮ್ಮ ಕಮಾಂಡರ್ಸ್‌ನ ಜನರಲ್ ಮ್ಯಾನೇಜರ್ ಆಗಿದ್ದವರು ಅವರೇ. ಈಗ ಯುಎಫ್‌ಎಲ್‌ನ ಆಟದ ವಿಭಾಗವನ್ನೇ ನೋಡಿಕೊಳ್ಳುತ್ತಿದ್ದಾರೆ. ಆ ಏಪ್ರಿಲ್‌ನಲ್ಲಿ ಹುಡುಗರ ಮುಖ ನೋಡಿದ ಒಬ್ಬರು ಈಗ ಮೇಲೆ ಕೂತಿದ್ದಾರೆ. ಈ ಲೀಗ್ ಮೇಲೆ ನನಗೆ ನಂಬಿಕೆ ಇದ್ದರೆ ಅದಕ್ಕೆ ಅರ್ಧ ಕಾರಣ ಅವರು.

ಹೆಸರಿನ ವಿಷಯ. ಆ ಸೀಸನ್‌ನಲ್ಲಿ ಪ್ರತಿ ಟೀಮಿಗೂ ಮನೆಯಂಗಳದಲ್ಲಿ ಐದು ಆಟ. ನಾನು ಐದೂ ಟಿಕೆಟ್ಟನ್ನು ಪ್ರಿಂಟ್ ಮಾಡಿ, ಕತ್ತರಿಸಿ, ಫ್ರಿಜ್ ಬಾಗಿಲಿಗೆ ಅಯಸ್ಕಾಂತ ಹಾಕಿ ಸಿಕ್ಕಿಸಿದ್ದೆ. ಆಟ ಮುಗಿಸಿ ಬಂದಾಗಲೆಲ್ಲ ಮಗ ಒಂದೊಂದರ ಹಿಂದೆ ಸ್ಕೋರ್ ಬರೆದು ಡಬ್ಬಿಗೆ ಹಾಕುತ್ತಿದ್ದ. 15-6. 29-37. 19-15. 6-23. ಐದನೆಯದರ ಹಿಂದೆ ಬರೆಯಲು ಏನೂ ಇರಲಿಲ್ಲ. ಅವನು ಅದನ್ನು ಡಬ್ಬಿಗೂ ಹಾಕಲಿಲ್ಲ, ಬಿಸಾಡಲೂ ಬಿಡಲಿಲ್ಲ. ಎರಡು ಸಲ ಮನೆ ಬದಲಾಯಿಸಿದೆವು, ಒಂದು ಫ್ರಿಜ್ ಬದಲಾಯಿತು. ಚೀಟಿ ಈಗಲೂ ಬಾಗಿಲಲ್ಲೇ ಇದೆ, ಅಂಚು ಹಳದಿಯಾಗಿದೆ.

ನಿಮ್ಮ ಪೋಸ್ಟ್ ಓದುವವರೆಗೂ ನಾನು ಕ್ಯಾಲೆಂಡರ್ ಗಮನಿಸಿರಲಿಲ್ಲ. ಕಮಾಂಡರ್ಸ್ ಅಲಾಮೋಡೋಮ್‌ನಲ್ಲಿ ಕೊನೆಯ ಸಲ ಆಡಿದ್ದು ಮಾರ್ಚ್ 31, ಭಾನುವಾರ. ಈಗ ಹೊಸ ಲೀಗ್‌ನಲ್ಲಿ ಬ್ರಾಹ್ಮಾಸ್ ಮೊದಲ ಆಟವೂ ಮಾರ್ಚ್ 31, ಭಾನುವಾರ, ಅದೇ ಜಾಗ. ಸರಿಯಾಗಿ ಐದು ವರ್ಷ. ನಿನ್ನೆ ರಾತ್ರಿ ಮಗನಿಗೆ ಹೇಳಿದೆ. ಅವನಿಗೀಗ ಹದಿನಾರು, ನನ್ನ ಜೊತೆ ಹೊರಗೆ ಬರೋದೇ ಕಮ್ಮಿ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನಾನು ಡ್ರೈವ್ ಮಾಡ್ತೀನಿ" ಅಂದ.

ಆ ಹಿರಿಯರ ಬಗ್ಗೆ ನಿಮ್ಮ ಮಗಳಿಗೆ ಹೇಳಿ: ಅವರು ಕಮಾಂಡರ್ಸ್ ಕೆಲಸದವರಲ್ಲ, ಸ್ಟೇಡಿಯಂ ಕಡೆಯವರು. ಇನ್ನೂ ಅಲ್ಲೇ ಇರಬಹುದು. ನಾವು ಹಳೆಯ ಜಾಗದ ಹತ್ತಿರವೇ ಸೀಟು ತಗೊಂಡಿದ್ದೇವೆ, ಕೆಳಗಿನ ಹಂತ, ಎಂಡ್ ಝೋನ್ ಮೂಲೆ. ಮೊದಲ ಕ್ವಾರ್ಟರ್ ಮುಗಿದಾಗ ಮಗಳನ್ನು ಕರೆದುಕೊಂಡು ಆ ಕಡೆ ಬನ್ನಿ. ನಾಲ್ವರೂ ಸೇರಿ ಹುಡುಕೋಣ.